ಗುಜ್ಜೆ–ಹುರುಳಿ ಬರ್ಗರ್: ಐದು ಸುತ್ತು, ಒಂದು ತಕ್ಕಡಿ

ಗುರಿ ಇಷ್ಟೇ ಇತ್ತು. ಗುಜ್ಜೆ (ಎಳೆ ಹಲಸಿನಕಾಯಿ) ಮತ್ತು ಹುರುಳಿಯಿಂದ ಮಾಡಿದ, ಮಾಂಸವಿಲ್ಲದ ಪ್ಯಾಟಿ ಬನ್ನಿನೊಳಗೆ ಕುಳಿತಿರಬೇಕು, ಕಚ್ಚಿದಾಗ ಹಿಂಬದಿಯಿಂದ ಜಾರಿ ಹೊರಗೆ ಬರಬಾರದು, ಕೊನೆಯ ತುತ್ತಿನವರೆಗೆ ಪುಡಿಯಾಗಬಾರದು. ಸಾಮಾನೆಲ್ಲ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆಯ ಅಂಗಡಿಗಳಲ್ಲಿ ಅಥವಾ ಹಿತ್ತಲಿನಲ್ಲಿ ಸಿಗುವಂಥದ್ದೇ ಆಗಬೇಕು. ಪಾರ್ಸೆಲ್ ತರಿಸುವ ಪುಡಿಗಳು ಬೇಡ. ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಐದು ಸುತ್ತು ಮಾಡಿ ಬರೆದಿಟ್ಟ ಲೆಕ್ಕ ಇದು. ಪ್ರತಿ ಹಂತದಲ್ಲೂ ತೂಕ ನೋಡಿದೆ. ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯಾಕೆಂದು ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ.

ಮೊದಲು ಗುಜ್ಜೆಯ ಆಯ್ಕೆ. ಒಂದೂವರೆಯಿಂದ ಎರಡೂವರೆ ಕಿಲೋ ತೂಗುವ, ಕತ್ತಿ ಹಾಕಿದರೆ ಬೇಳೆಯ (ಒಳಗಿನ ಬೀಜದ) ಸಮೇತ ಸಲೀಸಾಗಿ ತುಂಡಾಗುವ ಗುಜ್ಜೆ ಬೇಕು. ಬೇಳೆಯ ಸಿಪ್ಪೆ ಗಟ್ಟಿಯಾಗಿ ಕತ್ತಿಗೆ ತಡೆ ಸಿಕ್ಕಿತೆಂದರೆ ಅದು ಪಲ್ಯಕ್ಕಾದರೂ ಆದೀತು, ಬರ್ಗರಿಗಲ್ಲ. ಬೆಂದ ಮೇಲೆ ಎಳೆ ಎಳೆಯಾಗಿ ಬಿಡುವ ಬದಲು ಸೊಳೆ ಸೊಳೆಯಾಗಿ (ತೊಳೆ ತೊಳೆಯಾಗಿ) ಬಿಡುತ್ತದೆ. ಗಟ್ಟಿ ತೊಳೆಯ ಬಕ್ಕೆ ಮರದ್ದು ಸಿಕ್ಕರೆ ಒಳ್ಳೆಯದು, ಮೆತ್ತನೆ ತೊಳೆಯ ತುಳುವೆಯದ್ದಾದರೆ ಎಳೆ ಬೇಗ ಕರಗುತ್ತದೆ. ಗುಜ್ಜೆಯಲ್ಲಿ ಎರಡರ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಮರ ಗೊತ್ತಿದ್ದವರನ್ನೇ ಕೇಳಬೇಕು. 2018ರಲ್ಲಿ ಹಲಸು ಕೇರಳದ ರಾಜ್ಯಫಲವಾಯಿತು. ಆದರೂ ಕಾಸರಗೋಡಿನ ತೋಟಗಳಲ್ಲಿ ಹೆಚ್ಚಿನದು ಈಗಲೂ ಮರದ ಬುಡದಲ್ಲೇ ಕೊಳೆಯುತ್ತದೆ, ಹಾಗಾಗಿ ಬೆಲೆಯ ತಲೆಬಿಸಿ ಇಲ್ಲ.

ಮೇಣದ ವಿಷಯ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಊರು ಬಿಟ್ಟು ಹೋದವರಿಗಾಗಿ ಮಾತ್ರ: ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿ, ಅಡಿಯಲ್ಲಿ ಹಳೆಯ ಪೇಪರು ಹಾಸಿ. ಮುಳ್ಳು ಸಿಪ್ಪೆಯನ್ನು ದಪ್ಪಕ್ಕೆ ಕೆತ್ತಿ ತೆಗೆಯಿರಿ, ಹಸಿರು ಉಳಿದರೆ ಕಹಿ. ತುಂಡುಗಳು ಗಾಳಿಗೆ ಕಪ್ಪಾಗುವುದರಿಂದ ನೀರು ಮಜ್ಜಿಗೆಗೆ ಒಂದು ಚಿಟಿಕೆ ಅರಸಿನ ಹಾಕಿ ಅದರೊಳಗೆ ಮುಳುಗಿಸಿಡಿ. ನಡುವಿನ ಗೂಂಜನ್ನು ಬಿಸಾಡಬೇಡಿ. ತೀರಾ ಎಳೆಯದಾಗಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಕಡಿತ ಕೊಡುತ್ತದೆ.

ಮೊದಲ ಸುತ್ತು

ಎಲ್ಲರೂ ಮೊದಲು ಮಾಡುವುದನ್ನೇ ಮಾಡಿದ್ದು. 400 ಗ್ರಾಂ ಗುಜ್ಜೆ ತುಂಡು ಕುಕ್ಕರಿನಲ್ಲಿ ನೀರು ಹಾಕಿ ಮೂರು ಸೀಟಿ, 150 ಗ್ರಾಂ ಬೇಯಿಸಿದ ಬಟಾಟೆ, ಎರಡು ಮುಷ್ಟಿ ರಸ್ಕಿನ ಪುಡಿ, ನೀರುಳ್ಳಿ, ಶುಂಠಿ, ಕೊತ್ತಂಬರಿ ಸೊಪ್ಪು, ಗರಂ ಮಸಾಲೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಚಹಾದ ಜೊತೆ ತಿನ್ನಲು ಬಹಳ ಚೆನ್ನಾಗಿತ್ತು, ಬನ್ನಿನ ನಡುವೆ ಇಟ್ಟು ಕಚ್ಚಿದರೆ ನಾಲ್ಕೂ ಕಡೆಯಿಂದ ಪೇಸ್ಟಿನಂತೆ ಹೊರಗೆ ಬಂತು. ಅಂದರೆ ಕಟ್ಲೆಟ್.

ತಪ್ಪು ಎಲ್ಲಿ ಎಂದು ತಕ್ಕಡಿ ಹೇಳಿತು. ಕುಕ್ಕರಿಗೆ ಹೋದ 400 ಗ್ರಾಂ ಗುಜ್ಜೆ ಹೊರಗೆ ಬರುವಾಗ 455 ಗ್ರಾಂ ಇತ್ತು. ಎಳೆಗಳ ನಡುವಿನ ಪ್ರತಿ ಸಂದಿಯಲ್ಲೂ ನೀರು ತುಂಬಿತ್ತು. ಆ ನೀರನ್ನು ಹೀರಲು ರಸ್ಕಿನ ಪುಡಿ, ರಸ್ಕು ಹೆಚ್ಚಾದಾಗ ಹಿಟ್ಟುಹಿಟ್ಟು, ಹಿಟ್ಟಿನ ರುಚಿ ಮುಚ್ಚಲು ಇನ್ನಷ್ಟು ಮಸಾಲೆ. ಪ್ಯಾಟಿ ಒಡೆದರೆ ಅಂಟು ಸಾಲದು ಎಂದು ಹಿಟ್ಟು ಸುರಿಯುವುದು ಸಾಮಾನ್ಯ. ಹತ್ತರಲ್ಲಿ ಎಂಟು ಸಲ ಕೊರತೆ ಅಂಟಿನದ್ದಲ್ಲ, ನೀರು ಹೆಚ್ಚಾದದ್ದು.

ಎರಡನೆಯ ಸುತ್ತಿನಿಂದ ಗುಜ್ಜೆ ಕುಕ್ಕರ್ ಬಿಟ್ಟು ಇಡ್ಲಿ ಅಟ್ಟಕ್ಕೆ ಹೋಯಿತು. ಹಬೆಯಲ್ಲಿ 12ರಿಂದ 14 ನಿಮಿಷ. ಚೂರಿ ಚುಚ್ಚಿದರೆ ಒಳಗೆ ಹೋಗಬೇಕು, ಆದರೆ ಎತ್ತಿದಾಗ ತುಂಡು ಚೂರಿಯಲ್ಲೇ ಉಳಿಯಬೇಕು. ತೂಕ 390ರ ಆಸುಪಾಸು ನಿಲ್ಲುತ್ತದೆ. ಬಿಸಿ ಆರಿದ ಮೇಲೆ ಕೈಯಲ್ಲೇ ಎಳೆ ಬಿಡಿಸಿ. ಮಿಕ್ಸಿ ಬೇಡ, ಚೂರಿಯಲ್ಲಿ ಕೊಚ್ಚುವುದೂ ಬೇಡ. ಎಳೆ ಎರಡು ಮೂರು ಸೆಂ.ಮೀ. ಉದ್ದ ಉಳಿದರೇ ಕಚ್ಚುವಾಗ ಹಲ್ಲಿಗೆ ಏನಾದರೂ ಸಿಗುವುದು. ಆಮೇಲೆ ಬೈರಾಸಿನಲ್ಲಿ (ತೆಳು ಟವೆಲಿನಲ್ಲಿ) ಕಟ್ಟಿ ಹಿಂಡಿ. ಬಟ್ಟೆ ಹಿಂಡುವಂತೆ ಒಮ್ಮೆ ತಿರುಚಿ ಬಿಟ್ಟರೆ 320ಕ್ಕೆ ನಿಲ್ಲುತ್ತದೆ. ಬಿಚ್ಚಿ, ಕೊಡವಿ, ಮತ್ತೆ ಕಟ್ಟಿ ಹಿಂಡಿದರೆ 290. ಅಲ್ಲಿಂದ ಒಣ ಕಾವಲಿಗೆ ಹಾಕಿ ಎಣ್ಣೆಯಿಲ್ಲದೆ ಮಧ್ಯಮ ಉರಿಯಲ್ಲಿ ಮಗುಚುತ್ತ ಎಂಟು ಹತ್ತು ನಿಮಿಷ ಹುರಿದರೆ 220. ಎಳೆಯ ತುದಿಗಳು ಕಂದಾಗಿ ಸುರುಟಿಕೊಳ್ಳುತ್ತವೆ, ಕಾವಲಿಯಿಂದ ಹಬೆ ಏಳುವುದು ನಿಲ್ಲುತ್ತದೆ. ಈ 220 ಎಂಬ ಅಂಕಿ ಇಡೀ ಬರ್ಗರಿನ ಅಡಿಗಲ್ಲು. 260ರಲ್ಲೇ ನಿಲ್ಲಿಸಿದರೆ ಪ್ಯಾಟಿ ಬನ್ನಿನೊಳಗೆ ಜಾರುತ್ತದೆ, 180ಕ್ಕೆ ಇಳಿದರೆ ಹಗ್ಗ ಜಗಿದಂತಾಗುತ್ತದೆ.

ಸೋಯಾ ಏಕೆ ಬಿಟ್ಟದ್ದು

ಗುಜ್ಜೆಯಲ್ಲಿ ಎಳೆ ಇದೆ, ಸತ್ವ ಇಲ್ಲ. ಪ್ರೋಟೀನ್ ತೀರಾ ಕಡಿಮೆ, ಹಾಗಾಗಿ ಕಾವಲಿಯ ಮೇಲೆ ಮಾಂಸದಂತೆ ಕಂದು ಕಟ್ಟುವುದಿಲ್ಲ. ಆ ಕಂದು ಬಣ್ಣವೂ ಪರಿಮಳವೂ ಹುಟ್ಟಬೇಕಾದರೆ ಪ್ರೋಟೀನ್ ಮತ್ತು ಸಕ್ಕರೆ ಎರಡೂ ಇರಬೇಕು, ಮೇಲ್ಮೈ ಒಣಗಿ ಸುಮಾರು 140 ಡಿಗ್ರಿ ದಾಟಬೇಕು. ಒದ್ದೆ ಮೇಲ್ಮೈ 100 ಡಿಗ್ರಿಯಲ್ಲೇ ಬೇಯುತ್ತ ಕೂರುತ್ತದೆ. ಇಲ್ಲೂ ವೈರಿ ನೀರೇ.

ಎರಡನೆಯ ಸುತ್ತಿನಲ್ಲಿ ಈ ಕೊರತೆಗೆ 50 ಗ್ರಾಂ ಸೋಯಾ ಚಂಕ್ಸ್ ಬಂತು. ಪ್ರೋಟೀನ್ ಲೆಕ್ಕದಲ್ಲಿ ಅದನ್ನು ಮೀರಿಸಲು ಯಾವುದೂ ಇಲ್ಲ, ತೂಕದ ಅರ್ಧದಷ್ಟು ಅದೇ. ಆದರೆ ನೆನೆದಾಗ ಮೂರು ಪಟ್ಟಾಗಿ 150 ಗ್ರಾಂ ಆಗುತ್ತದೆ, ಎರಡು ಸಲ ಹಿಂಡಿದರೂ ಸ್ಪಂಜಿನಂತೆ ನೀರನ್ನು ಒಳಗೇ ಇಟ್ಟುಕೊಂಡು ಕಾವಲಿಯ ಮೇಲೆ ಬಿಡುತ್ತದೆ. ಹಸಿ ವಾಸನೆ ಕಳೆಯಲು ಬಿಸಿನೀರು ಎರಡು ಸಲ ಬದಲಿಸಬೇಕು, ಆಗ ಇದ್ದಬದ್ದ ರುಚಿಯೂ ಹೋಗುತ್ತದೆ. ಪ್ಯಾಟಿ ಹಿಡಿದು ನಿಂತಿತು, ಒಡೆಯಲಿಲ್ಲ, ತಿನ್ನುವಾಗ ಮಾತ್ರ ಕಾಲೇಜು ಹಾಸ್ಟೆಲಿನ ಪಲಾವು ನೆನಪಾಯಿತು. ಬೇಕಾದವರು ಮುಂದುವರಿಸಬಹುದು.

ಹುರುಳಿ ಮತ್ತು ಅದರ ಕಟ್ಟು

ಮೂರನೆಯ ಸುತ್ತಿನಲ್ಲಿ ದಾರಿ ಸಿಕ್ಕಿತು, ಅದೂ ಡಬ್ಬದಲ್ಲೇ ಇದ್ದ ಸಾಮಾನಿನಿಂದ. ತುಳುವಿನಲ್ಲಿ ಕುಡು, ಮಲಯಾಳದಲ್ಲಿ ಮುದಿರ, ಒಂದೇ ಕಾಳು. 100 ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಅದಕ್ಕಿಂತ ಮುಖ್ಯವಾದದ್ದು ಅದು ಬೆಂದ ನೀರು. ಹುರುಳಿ ಬೇಯಿಸಿದ ನೀರನ್ನು ಕುದಿಸಿ ಕುದಿಸಿ ಸಾರು ಮಾಡುವವರಿಗೆ ಅದರ ಗುಣ ಗೊತ್ತು: ಕಡು ಕಂದು ಬಣ್ಣ, ನಾಲಗೆಯ ಹಿಂಭಾಗದಲ್ಲಿ ಬಹಳ ಹೊತ್ತು ನಿಲ್ಲುವ ಗಟ್ಟಿ ರುಚಿ. ಅಮೆರಿಕದಲ್ಲಿ 2016ರಲ್ಲಿ ಹೋಟೆಲಿಗೆ ಬಂದ ಇಂಪಾಸಿಬಲ್ ಬರ್ಗರಿನಲ್ಲಿ ಮಾಂಸದ ರುಚಿಗಾಗಿ ಸೋಯಾ ಗಿಡದ ಬೇರಿನ ಗಂಟಿನಲ್ಲಿರುವ ಕೆಂಪು ಪ್ರೋಟೀನನ್ನು ಯೀಸ್ಟಿನಿಂದ ಬೆಳೆಸಿ ಹಾಕುತ್ತಾರೆ. ನಮ್ಮ ಕಡೆ ಅಷ್ಟು ದೂರ ಹೋಗಬೇಕಾಗಿಲ್ಲ. ರಕ್ತದ ರುಚಿ ಬರುವುದಿಲ್ಲ ನಿಜ, ಆದರೆ ‘ಏನೋ ಕಡಿಮೆ ಇದೆ’ ಎಂಬ ಭಾವ ಹೋಗುತ್ತದೆ.

100 ಗ್ರಾಂ ಹುರುಳಿಯನ್ನು ಕಲ್ಲು ಆರಿಸಿ, ತೊಳೆದು 12 ಗಂಟೆ ನೆನೆಹಾಕಿ. ಕಲ್ಲು ಆರಿಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾರಿನಲ್ಲಿ ಕಲ್ಲು ಅಡಿಗೆ ಇಳಿಯುತ್ತದೆ, ಪ್ಯಾಟಿಯಲ್ಲಿ ಹಲ್ಲಿಗೇ ಸಿಗುತ್ತದೆ. ನೆನೆದ ನೀರು ಚೆಲ್ಲಿ, ಹೊಸದಾಗಿ ಒಂದು ಲೀಟರ್ ನೀರು ಹಾಕಿ, ನೊರೆ ಏಳದಂತೆ ಒಂದು ಹನಿ ಎಣ್ಣೆ ಬಿಟ್ಟು ಕುಕ್ಕರಿನಲ್ಲಿ ಐದು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಕಾಳನ್ನು ಹೆಬ್ಬೆರಳಿನಿಂದ ಅಂಗೈ ಮೇಲೆ ಒತ್ತಿ ನೋಡಿ: ಚಪ್ಪಟೆಯಾಗಿ ಸಿಪ್ಪೆ ಬಿರಿಯಬೇಕು, ನುಣ್ಣಗೆ ಹರಡಬಾರದು. ಬೇಯದೆ ಉಳಿದರೆ ಪ್ಯಾಟಿ ಮರಳುಮರಳು.

ನೀರನ್ನು ಬಸಿದು ಬಾಣಲೆಗೆ ಹಾಕಿ. ಅಗಲ ಬಾಣಲೆಯಲ್ಲಿ ಮಧ್ಯಮ ಉರಿಗೆ ಕುದಿಯಲಿ. ಸುಮಾರು 40 ನಿಮಿಷಕ್ಕೆ 60–70 ಮಿಲಿಗೆ ಇಳಿಯುತ್ತದೆ. ಹದ ಜೋನಿಬೆಲ್ಲದ್ದು: ಸಟ್ಟುಗದ ಬೆನ್ನಿನಲ್ಲಿ ಬೆರಳೆಳೆದರೆ ಗೆರೆ ಹಾಗೇ ನಿಲ್ಲಬೇಕು. ಕೊನೆಯ ಹತ್ತು ನಿಮಿಷ ಬಿಟ್ಟು ಕದಲಬೇಡಿ, ಅಡಿ ಹಿಡಿದರೆ ಕಹಿ ಇಡೀ ಬ್ಯಾಚಿಗೆ ಹತ್ತುತ್ತದೆ. ಉಪ್ಪು ಮೊದಲೇ ಹಾಕಬೇಡಿ. ಇಂಗಿದ ಮೇಲೆ ಉಪ್ಪೇ ಉಳಿದೀತು. ಈ ಇಂಗಿದ ನೀರೇ ಕಟ್ಟು. ಇದರಲ್ಲಿ ಪ್ಯಾಟಿಗೆ ಬೇಕಾದ್ದು 30 ಗ್ರಾಂ. ಉಳಿದದ್ದು ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ಮರುದಿನದ ಸಾರಿಗೂ ಆಗುತ್ತದೆ.

ಬಸಿದ ಕಾಳು 225 ಗ್ರಾಂ ಆಸುಪಾಸು ತೂಗುತ್ತದೆ. ಅದನ್ನೂ ಒಣ ಕಾವಲಿಯಲ್ಲಿ ಆಡಿಸಿ 200ಕ್ಕೆ ತನ್ನಿ. ಆಮೇಲೆ ಮೂರರಲ್ಲಿ ಎರಡು ಪಾಲನ್ನು ಒರಳಿನಲ್ಲಿ ಜಜ್ಜಿ, ಒಂದು ಪಾಲು ಇಡಿಯಾಗಿ ಬಿಡಿ. ಮಿಕ್ಸಿಯೇ ಗತಿಯೆಂದಾದರೆ ಒಂದೊಂದು ಸೆಕೆಂಡಿನಂತೆ ಮೂರು ಸಲ ತಿರುಗಿಸಿ ನಿಲ್ಲಿಸಿ.

ಅಂಟು: ಬೇಳೆಯೋ ಮರಗೆಣಸೋ

ಮಾರ್ಚಿನಲ್ಲಿ ಗುಜ್ಜೆ ಇರುತ್ತದೆ, ಹಲಸಿನ ಬೇಳೆ ಇರುವುದಿಲ್ಲ. ಮೇಯಲ್ಲಿ ಬೇಳೆ ರಾಶಿ ಬೀಳುತ್ತದೆ, ಗುಜ್ಜೆ ಹುಡುಕಬೇಕು. ತಡವಾಗಿ ಬಿಡುವ ಮರ ಒಂದಾದರೂ ಇದ್ದರೆ ಎರಡೂ ಕೂಡಿಬರುವ ಎರಡು ಮೂರು ವಾರ ಸಿಗುತ್ತದೆ. ಇಲ್ಲವಾದರೆ ಹಿಂದಿನ ವರ್ಷ ಕೆಮ್ಮಣ್ಣು ಮೆತ್ತಿ ಇಟ್ಟ ಬೇಳೆ, ಅಥವಾ ಬೇಯಿಸಿ ಫ್ರೀಜರಿಗೆ ಹಾಕಿದ್ದು. ಮೂರನೆಯ ಸುತ್ತಿಗೆ ಬೇಳೆ ಇಲ್ಲದ ಕಾರಣ 80 ಗ್ರಾಂ ಬೇಯಿಸಿದ ಮರಗೆಣಸು ಹಾಕಿದ್ದು. ಅದು ಸಾಕಷ್ಟು ಚೆನ್ನಾಗಿಯೇ ಹಿಡಿಯಿತು. ಮರಗೆಣಸನ್ನು ತೆರೆದ ಪಾತ್ರೆಯಲ್ಲಿ ಧಾರಾಳ ನೀರಿನಲ್ಲಿ ಬೇಯಿಸಿ ನೀರು ಚೆಲ್ಲಬೇಕು. ಕಹಿ ಜಾತಿಯಲ್ಲಿ ಹೆಚ್ಚಿರುವ ವಿಷದ ಅಂಶ ಪೂರ್ತಿ ಅಲ್ಲದಿದ್ದರೂ ಒಂದಷ್ಟು ಆ ನೀರಿನೊಂದಿಗೆ ಹೋಗುತ್ತದೆ. ನಡುವಿನ ನಾರು ಎಳೆದು ತೆಗೆಯಿರಿ.

ನಾಲ್ಕನೆಯ ಸುತ್ತಿಗೆ ಹಲಸಿನ ಬೇಳೆ ಬಂತು. 12 ಬೇಳೆ ಬೇಯಿಸಿ, ಬಿಳಿ ಸಿಪ್ಪೆ ತೆಗೆದು (ಒಳಗಿನ ಕಂದು ಪೊರೆ ಇರಲಿ, ಬಣ್ಣಕ್ಕೆ ಒಳ್ಳೆಯದು), ಬಿಸಿಬಿಸಿ ಇರುವಾಗಲೇ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದ್ದು. ಅಲ್ಲೇ ಕೆಟ್ಟದ್ದು. ಬಿಸಿ ಪಿಷ್ಟವನ್ನು ವೇಗವಾಗಿ ಕಡೆದರೆ ಗೋಂದಾಗುತ್ತದೆ. ಪ್ಯಾಟಿ ಬಾಳೆಲೆಯಲ್ಲಿ ಬೇಯಿಸಿದ ಕೊಟ್ಟಿಗೆಯ (ಕಡುಬಿನ) ಹಾಗೆ ಆಯಿತು: ಒಂದೇ ಮುದ್ದೆ, ಹಲ್ಲಿಗೆ ಅಂಟು, ಎಳೆಗಳು ಅದರೊಳಗೆ ಹೂತುಹೋಗಿದ್ದವು. ಐದನೆಯ ಸುತ್ತಿನಲ್ಲಿ ಬೇಳೆಯನ್ನು ಉಗುರು ಬೆಚ್ಚಗೆ ಆರಿಸಿ, ಹೆರೆಮಣೆಯ ಪಕ್ಕದಲ್ಲಿರುವ ಸಾದಾ ತುರಿಯುವ ತಗಡಿನಲ್ಲಿ ತುರಿದು, ಕೈಯಲ್ಲಿ ನಾಲ್ಕು ಸಲ ನಾದಿದ್ದು ಅಷ್ಟೇ. ಸರಿಯಾಯಿತು. ಸಿಪ್ಪೆ ತೆಗೆದ ತೂಕ 80 ಗ್ರಾಂ, ಅದಕ್ಕಿಂತ ಹೆಚ್ಚು ಬೇಡ.

ಪಿಷ್ಟದ ಅಂಟಿನ ಗುಣ ತಿಳಿದುಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಕಾರ್ಖಾನೆಯ ಪ್ಯಾಟಿಗಳಲ್ಲಿ ಮೀಥೈಲ್ ಸೆಲ್ಯುಲೋಸ್ ಎಂಬ ಪುಡಿ ಇರುತ್ತದೆ. ಅದು ಬಿಸಿಯಾದಾಗ ಗಟ್ಟಿಯಾಗಿ, ತಣಿದಾಗ ಸಡಿಲವಾಗುವ ವಿಚಿತ್ರ ವಸ್ತು. ಪಿಷ್ಟ ಅದಕ್ಕೆ ಸರಿಯಾಗಿ ಉಲ್ಟಾ. ತಣ್ಣಗಿದ್ದಾಗ ಗಟ್ಟಿ, ಬಿಸಿಯಲ್ಲಿ ಮೆತ್ತಗೆ. ಅಂದರೆ ನಮ್ಮ ಪ್ಯಾಟಿ ಅತ್ಯಂತ ದುರ್ಬಲವಾಗಿರುವುದು ಕಾವಲಿಯ ಮೇಲೆ, ಸಟ್ಟುಗ ಹಾಕುವ ಆ ಗಳಿಗೆಯಲ್ಲೇ. ತಟ್ಟಿದ ಪ್ಯಾಟಿಯನ್ನು ಫ್ರಿಜ್ಜಿನಲ್ಲಿ ಕನಿಷ್ಠ ಒಂದು ಗಂಟೆ ಇಡುವುದೂ, ಹೊರಪದರ ಗಟ್ಟಿಯಾಗುವವರೆಗೆ ಮುಟ್ಟದೆ ಬಿಡುವುದೂ, ಇಳಿಸಿದ ಮೇಲೆ ಮೂರು ನಿಮಿಷ ಸುಮ್ಮನಿರುವುದೂ ಇದಕ್ಕಾಗಿಯೇ.

ಕೊಬ್ಬು

ಮೂರನೆಯ ಸುತ್ತಿನ ಪ್ಯಾಟಿಯ ರುಚಿ ಸರಿಯಿತ್ತು, ಆದರೆ ಅಂಚು ಬಿರಿಯಿತು, ಕಾವಲಿ ತುಂಬ ಎಣ್ಣೆ. 40 ಗ್ರಾಂ ತೆಂಗಿನೆಣ್ಣೆಯನ್ನು ಹಾಗೇ ಸುರಿದು ಕಲಸಿದ್ದರ ಫಲ. ದ್ರವವಾಗಿ ಹೋದ ಎಣ್ಣೆ ಕಾಳು, ಎಳೆ, ಪಿಷ್ಟ ಎಲ್ಲದರ ಮೈಗೂ ಹಚ್ಚಿಕೊಂಡು ಒಂದಕ್ಕೊಂದು ಹಿಡಿಯದಂತೆ ಮಾಡುತ್ತದೆ, ಬಿಸಿ ತಾಗಿದ ಕೂಡಲೇ ಹೊರಗೂ ಹರಿಯುತ್ತದೆ. ಮಾಂಸದಲ್ಲಿ ಕೊಬ್ಬು ಚೂರು ಚೂರಾಗಿ ಅಲ್ಲಲ್ಲಿ ಇರುತ್ತದೆ, ಬೇಯುವಾಗ ಅಲ್ಲೇ ಕರಗಿ ರಸವಾಗುತ್ತದೆ. ನಮಗೂ ಚೂರೇ ಬೇಕು.

ತೆಂಗಿನೆಣ್ಣೆ ಕರಗುವುದು 24–25 ಡಿಗ್ರಿಯಲ್ಲಿ. ಕಾಸರಗೋಡಿನ ಅಡುಗೆಮನೆಯಲ್ಲಿ ವರ್ಷದ ಬಹುಪಾಲು ಅದು ನೀರಿನಂತೆಯೇ ಇರುವುದರಿಂದ ಫ್ರೀಜರ್ ಬೇಕು. ಗಟ್ಟಿ ಮಾಡಿ ತುರಿಯುವ ಸಲಹೆ ತಂಪು ಊರಿನವರದ್ದು. ಏಪ್ರಿಲಿನಲ್ಲಿ ಇಲ್ಲಿ ತುರಿಯಲು ಹೋದರೆ ಅರ್ಧ ಎಣ್ಣೆ ಬೆರಳ ಸಂದಿಯಲ್ಲೇ ಇಳಿದುಹೋಗುತ್ತದೆ. ಬದಲಿಗೆ ಅಂಚಿರುವ ಸ್ಟೀಲ್ ತಟ್ಟೆಗೆ ಎರಡು ಮೂರು ಮಿ.ಮೀ. ದಪ್ಪಕ್ಕೆ 40 ಗ್ರಾಂ ಎಣ್ಣೆ ಹೊಯ್ದು 30 ನಿಮಿಷ ಫ್ರೀಜರಿನಲ್ಲಿಡಿ. ತಟ್ಟೆಯಲ್ಲಿದ್ದಂತೆಯೇ ಚೂರಿಯ ತುದಿಯಿಂದ ಕುಟ್ಟಿದರೆ ಗಾಜಿನ ಚೂರಿನಂತೆ ಒಡೆಯುತ್ತದೆ. ಕಡಲೆಬೇಳೆ ಗಾತ್ರದ ಚೂರು ಸಾಕು. ಮತ್ತೆ ಫ್ರೀಜರಿಗೆ. ಎಲ್ಲ ಕಲಸಿ ಮುಗಿದ ಮೇಲೆ, ಮಿಶ್ರಣವೂ ಫ್ರಿಜ್ಜಿನಿಂದ ತಣ್ಣಗೆ ಬಂದ ಮೇಲೆ, ಚೂರುಗಳನ್ನು ಚಮಚದಲ್ಲಿ ಬೆರೆಸಿ. ಕೈ ಹಾಕಬೇಡಿ, ಕೈಯ ಬಿಸಿಗೆ ಒಂದು ನಿಮಿಷ ಸಾಕು.

ಐದನೆಯ ಸುತ್ತು: ನಿಂತ ಪಾಕ

ಆರು ಪ್ಯಾಟಿಗೆ ಬೇಕಾದ್ದು: ಹಿಂಡಿ ಹುರಿದ ಗುಜ್ಜೆ 220 ಗ್ರಾಂ, ಜಜ್ಜಿದ ಹುರುಳಿ 200, ತುರಿದ ಹಲಸಿನ ಬೇಳೆ 80, ಹುರುಳಿ ಕಟ್ಟು 30, ಕಂದಾಗುವವರೆಗೆ ಹುರಿದ ನೀರುಳ್ಳಿ 30 (ಹಸಿಯದ್ದು 80 ಗ್ರಾಂ ಬೇಕಾಗುತ್ತದೆ), ಅವಲಕ್ಕಿ ಹುರಿದು ಮಾಡಿದ ತರಿ ಪುಡಿ 30, ಗಟ್ಟಿ ತೆಂಗಿನೆಣ್ಣೆ ಚೂರು 40, ಜಜ್ಜಿದ ಬೆಳ್ಳುಳ್ಳಿ 8, ಕರಿಮೆಣಸಿನ ಪುಡಿ 3, ಉಪ್ಪು 7. ಬೆಳ್ಳುಳ್ಳಿ ಬಳಸದವರು ಅರ್ಧ ಚಮಚ ಇಂಗಿನ ನೀರು ಹಾಕಿ. ಗರಂ ಮಸಾಲೆ, ಕೊತ್ತಂಬರಿ ಸೊಪ್ಪು, ಶುಂಠಿ ಬೇಡವೇ ಬೇಡ. ಅವು ಬಂದ ಕ್ಷಣ ನಾಲಗೆ ‘ಕಟ್ಲೆಟ್’ ಎನ್ನುತ್ತದೆ. ಬೀಟ್ರೂಟ್ ಹಾಕಿ ಕೆಂಪು ಮಾಡುವ ಚಾಳಿಯೂ ಬೇಕಿಲ್ಲ, ಹುರುಳಿ ತಾನೇ ಸಾಕಷ್ಟು ಕಂದು.

ಕಲಸುವ ಮೊದಲು ಗುಜ್ಜೆಗೆ ಹೊಗೆ. ತೆಂಗಿನ ಗೆರಟೆಯ (ಚಿಪ್ಪಿನ) ನಾಲ್ಕೈದು ಸೆಂ.ಮೀ. ತುಂಡನ್ನು ಒಲೆಯಲ್ಲಿ ಪೂರ್ತಿ ಕೆಂಡವಾಗುವವರೆಗೆ ಸುಡಿ; ಕಪ್ಪು ಉಳಿದಿದ್ದರೆ ಹೊಗೆ ಕಮಟು. ಹುರಿದ ಗುಜ್ಜೆಯ ನಡುವೆ ಸಣ್ಣ ಸ್ಟೀಲ್ ಬಟ್ಟಲಿಟ್ಟು ಅದರಲ್ಲಿ ಕೆಂಡ ಹಾಕಿ, ಅರ್ಧ ಚಮಚ ತೆಂಗಿನೆಣ್ಣೆ ಬಿಟ್ಟು, ತಟ್ಟೆ ಮುಚ್ಚಿ ಮೂರು ನಿಮಿಷ. ಐದು ನಿಮಿಷ ದಾಟಿದರೆ ಕಹಿ. ಬೆಂದ ಪ್ಯಾಟಿಗೆ ಹೊಗೆ ಕೊಡಲು ಹೋಗಬೇಡಿ, ಮುಚ್ಚಿದ ಪಾತ್ರೆಯ ಹಬೆಗೆ ಗರಿಗರಿ ಹೊರಪದರ ಮೆತ್ತಗಾಗುತ್ತದೆ.

ಬೇಳೆ, ಹುರುಳಿ, ಕಟ್ಟು, ನೀರುಳ್ಳಿ, ಬೆಳ್ಳುಳ್ಳಿ, ಮೆಣಸು, ಉಪ್ಪು ಮೊದಲು ಚೆನ್ನಾಗಿ ನಾದಿ. ಅದಕ್ಕೆ ಅವಲಕ್ಕಿ ಪುಡಿ. ಕೊನೆಗೆ ಗುಜ್ಜೆ, ಎಳೆ ಮುರಿಯದಂತೆ. 20 ನಿಮಿಷ ಫ್ರಿಜ್ಜಿನಲ್ಲಿಟ್ಟು ಎಣ್ಣೆ ಚೂರು ಬೆರೆಸಿ. ಒಂದು ಉಂಡೆ ಮುಷ್ಟಿಯಲ್ಲಿ ಹಿಡಿದು ಬಿಟ್ಟು ನೋಡಿ: ಬೆರಳಿನ ಗುರುತು ಉಳಿಯಬೇಕು, ಅಂಗೈ ಒದ್ದೆಯಾಗಬಾರದು. ಒದ್ದೆಯಾದರೆ ಅವಲಕ್ಕಿ ಪುಡಿ ಇನ್ನು 10 ಗ್ರಾಂ, ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಗುಜ್ಜೆ ಸರಿಯಾಗಿ ಹಿಂಡಿಲ್ಲ ಎಂದೇ ಅರ್ಥ.

105 ಗ್ರಾಮಿನ ಉಂಡೆ. ಹತ್ತು ಸೆಂ.ಮೀ. ಅಗಲ, 1.3 ಸೆಂ.ಮೀ. ದಪ್ಪಕ್ಕೆ ತಟ್ಟಿ. ಅಗಲಬಾಯಿಯ ಡಬ್ಬದ ಮುಚ್ಚಳ ಅಚ್ಚಿನಂತೆ ಬಳಸಬಹುದು. ಮಾಂಸದ ಪ್ಯಾಟಿ ಬೇಯುವಾಗ ಕುಗ್ಗುತ್ತದೆಂದು ಬನ್ನಿಗಿಂತ ದೊಡ್ಡದಾಗಿ ತಟ್ಟಿ ನಡುವೆ ಗುಳಿ ಮಾಡುತ್ತಾರೆ. ಇದು ಕುಗ್ಗುವುದಿಲ್ಲ, ಬನ್ನಿನಷ್ಟೇ ಅಗಲ ಸಾಕು. ಅಂಚನ್ನು ಬೆರಳಿನಿಂದ ಸುತ್ತ ಒತ್ತಿ ನಯ ಮಾಡಿ, ಬಿರುಕು ಶುರುವಾಗುವುದು ಅಲ್ಲಿಂದಲೇ. ತಟ್ಟುವುದಕ್ಕೂ ಪೇರಿಸಿಡುವುದಕ್ಕೂ ಬಾಳೆಲೆ: ಬೆಂಕಿಯಲ್ಲಿ ಬಾಡಿಸಿದ್ದಾದರೆ ಹರಿಯುವುದಿಲ್ಲ, ಬೆಣ್ಣೆಕಾಗದಕ್ಕಿಂತ ಚೆನ್ನಾಗಿ ಬಿಡುತ್ತದೆ. ಎಲೆಯ ಮೇಲ್ಮೈ ಪ್ಯಾಟಿಯ ಕಡೆಗಿರಲಿ.

ಕಾವಲಿ

ದೋಸೆಯ ಕಾವಲಿಗೆ ಮಾತ್ರ ಕೈ ಹಾಕಬೇಡಿ. ಹುರುಳಿ ಕಟ್ಟಿನ ಸಕ್ಕರೆ ಅಂಶ ಅಂಟಿ ಕರಕಲಾಗುತ್ತದೆ, ಮರುದಿನ ಮೊದಲ ಆರು ದೋಸೆ ಏಳುವುದಿಲ್ಲ, ಆಮೇಲೆ ಮನೆಯಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬೇರೆ ಕಬ್ಬಿಣದ ಕಾವಲಿ ಇರಲಿ. ನಾನ್‌ಸ್ಟಿಕ್‌ನಲ್ಲೂ ಆಗುತ್ತದೆ, ಹೊರಪದರ ಅಷ್ಟು ದಪ್ಪ ಬರುವುದಿಲ್ಲ.

ನೀರು ಚಿಮುಕಿಸಿದರೆ ಹನಿ ಉರುಳಾಡುವಷ್ಟು ಕಾದ ಮೇಲೆ ಉರಿಯನ್ನು ಮಧ್ಯಮಕ್ಕಿಂತ ಸ್ವಲ್ಪ ಮೇಲಕ್ಕೆ ಇಡಿ, ಪ್ಯಾಟಿಯೊಂದಕ್ಕೆ ಒಂದು ಚಮಚ ಎಣ್ಣೆ, ಫ್ರಿಜ್ಜಿನಿಂದ ನೇರ ಕಾವಲಿಗೆ. ನಾಲ್ಕು ನಿಮಿಷ ಒತ್ತಬೇಡಿ, ಸರಿಸಬೇಡಿ, ಮುಚ್ಚಬೇಡಿ. ಮೊದಲು ಜೋರಾಗಿ ಚರಚರ ಎನ್ನುತ್ತದೆ, ಅದು ನೀರಿನ ಸದ್ದು. ಸದ್ದು ಇಳಿದು ಸಣ್ಣಗಾದಾಗ, ಅಂಚಿನಲ್ಲಿ ಅರ್ಧ ಸೆಂ.ಮೀ. ಎತ್ತರದವರೆಗೆ ಕಂದು ಏರಿದಾಗ, ಸಟ್ಟುಗವನ್ನು ಅಡಿಗೆ ನುಗ್ಗಿಸಿ ನೋಡಿ. ತಾನಾಗಿ ಬಿಟ್ಟುಕೊಂಡರೆ ಮಗುಚಿ. ಹಿಡಿದರೆ ಇನ್ನೊಂದು ನಿಮಿಷ. ಎರಡನೆಯ ಮಗ್ಗುಲು ಮೂರೂವರೆ ನಿಮಿಷ. ನಡುವಿನ ಬಿಸಿ 75 ಡಿಗ್ರಿ ಮುಟ್ಟಿದರೆ ಸಾಕು, ಒಳಗಿರುವುದೆಲ್ಲ ಮೊದಲೇ ಬೆಂದದ್ದು. ಇಳಿಸಿ ಜಾಲರಿಯ ಮೇಲಿಡಿ. ತಟ್ಟೆಯ ಮೇಲಿಟ್ಟರೆ ಅಡಿಭಾಗ ಬೆವರುತ್ತದೆ.

ಬನ್ನು, ಹುಳಿ, ಸಾಸು

ಅಂಗಡಿಯಲ್ಲಿ ‘ಬನ್ಸ್’ ಕೇಳಿದರೆ ಬಾಳೆಹಣ್ಣಿನ ಸಿಹಿ ಪೂರಿ ಬರುತ್ತದೆ. ‘ಬನ್ನು’ ಎಂದು ಬಿಡಿಸಿ ಹೇಳಿ. ಬೇಕರಿಯ ಬನ್ನು ಸಿಹಿ ಮತ್ತು ಬಹಳ ಮೆತ್ತಗೆ. ಅಡ್ಡ ಸೀಳಿ, ಒಳಮೈಗೆ ಬೆಣ್ಣೆ ಹಚ್ಚಿ ಕಾವಲಿಯಲ್ಲಿ ಗಾಢ ಕಂದಾಗುವವರೆಗೆ ಸುಟ್ಟರೆ ನಡೆಯುತ್ತದೆ. ಓವನ್ ಇದ್ದವರು 300 ಗ್ರಾಂ ಮೈದಾ, 185 ಮಿಲಿ ಬೆಚ್ಚಗಿನ ಹಾಲು, 20 ಗ್ರಾಂ ಸಕ್ಕರೆ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 5 ಗ್ರಾಂ ಉಪ್ಪು, 30 ಗ್ರಾಂ ಬೆಣ್ಣೆ ಹತ್ತು ನಿಮಿಷ ನಾದಿ, ಆರು ಭಾಗ ಮಾಡಿ 190 ಡಿಗ್ರಿಯಲ್ಲಿ 16–18 ನಿಮಿಷ ಬೇಯಿಸಿ. ಪುಸ್ತಕದಲ್ಲಿ ಒಂದೂವರೆ ಗಂಟೆ ಉಬ್ಬಲು ಬಿಡಿ ಎಂದಿದ್ದರೆ ನಂಬಬೇಡಿ. ಏಪ್ರಿಲಿನ ಸೆಕೆಗೆ 45 ನಿಮಿಷದಲ್ಲೇ ಇಮ್ಮಡಿಯಾಗುತ್ತದೆ, ಮೀರಿದರೆ ಹುಳಿ ವಾಸನೆ.

ಬರ್ಗರಿನೊಳಗೆ ಹಾಕುವ ಉಪ್ಪಿನ ಸೌತೆಗೆ ಬಿಂಬುಳಿಗಿಂತ (ಬಿಲಿಂಬಿ ಎಂಬ ಹುಳಿಕಾಯಿ) ಒಳ್ಳೆಯ ಬದಲಿ ಇಲ್ಲ, ಆಕಾರವೂ ಅದೇ. 150 ಗ್ರಾಂ ಬಿಂಬುಳಿಯನ್ನು ಉದ್ದಕ್ಕೆ ಮೂರು ಮಿ.ಮೀ. ಬಿಲ್ಲೆ ಮಾಡಿ, ಒಂದು ಚಮಚ ಉಪ್ಪು ಸವರಿ 20 ನಿಮಿಷ ಬಿಟ್ಟು, ಬಿಟ್ಟ ರಸವನ್ನು ಚೆಲ್ಲಿ. ಎರಡು ಚಮಚ ಬೆಲ್ಲದ ಪುಡಿ, ಕುಟ್ಟಿದ ಸಾಸಿವೆ ಕಾಲು ಚಮಚ. ಒಂದು ಗಂಟೆಗೆ ತಯಾರು. ಬಿಂಬುಳಿಯಲ್ಲಿ ಆಕ್ಸಲಿಕ್ ಆಮ್ಲ ಬಹಳ. ರಸವನ್ನು ಮದ್ದೆಂದು ಲೋಟಗಟ್ಟಲೆ ಕುಡಿದವರ ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಿಂದಲೇ ವರದಿಯಾಗಿವೆ. ಬರ್ಗರಿಗೆ ನಾಲ್ಕು ಬಿಲ್ಲೆ ಸಾಕು, ಕಿಡ್ನಿಯ ತೊಂದರೆ ಇರುವವರಿಗೆ ಮುಳ್ಳುಸೌತೆ ಹಾಕಿ.

ಸಾಸಿಗೆ 50 ಗ್ರಾಂ ಗೇರುಬೀಜ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, 40 ಮಿಲಿ ನೀರು, 15 ಮಿಲಿ ಲಿಂಬೆರಸ, ಎರಡು ಗಾಂಧಾರಿ ಮೆಣಸು, ಕಾಲು ಚಮಚ ಉಪ್ಪು ಸೇರಿಸಿ ರುಬ್ಬಿ, ತಿರುಗುತ್ತಿರುವಾಗಲೇ 30 ಮಿಲಿ ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಬಿಡಿ. ತೆಂಗಿನೆಣ್ಣೆ ಇಲ್ಲಿ ಬೇಡ, ಫ್ರಿಜ್ಜಿಗಿಟ್ಟರೆ ಕಲ್ಲಾಗುತ್ತದೆ.

ಜೋಡಿಸುವ ಕ್ರಮ: ಸುಟ್ಟ ಕೆಳಬನ್ನಿಗೆ ಸಾಸು, ಅದರ ಮೇಲೆ ಕೂದಲೆಳೆಯಂತೆ ಹೆಚ್ಚಿದ ಎಲೆಕೋಸು, ಆಮೇಲೆ ಪ್ಯಾಟಿ, ಬಿಂಬುಳಿ, ಮೇಲಿನ ಬನ್ನು. ಟೊಮೆಟೊ ಬೇಕೇ ಬೇಕೆಂದರೆ ಬಿಲ್ಲೆಗೆ ಉಪ್ಪು ಹಾಕಿ ನೀರು ಬಿಡಿಸಿ. ಇಷ್ಟೆಲ್ಲ ಹಿಂಡಿ ಒಣಗಿಸಿದ ಮೇಲೆ ಕೊನೆಗೆ ಟೊಮೆಟೊ ನೀರಿನಿಂದ ಬನ್ನು ಮುದ್ದೆಯಾದರೆ ಅನ್ಯಾಯ.

ಪ್ರೋಟೀನ್ ಎಷ್ಟೆಂದು ಲೆಕ್ಕ ಹಾಕುವವರಿಗೆ: ಒಂದು ಪ್ಯಾಟಿಗೆ ಐದಾರು ಗ್ರಾಂ. ಮಾಂಸದ ಪ್ಯಾಟಿಯ ಮೂರರಲ್ಲೊಂದು ಪಾಲೂ ಇರಲಿಕ್ಕಿಲ್ಲ. ಹೊಟ್ಟೆ ತುಂಬುತ್ತದೆ, ಅದು ನಾರಿನ ಕೆಲಸ.

ಇಟ್ಟುಕೊಳ್ಳುವುದು

ಬೇಯಿಸದ ಪ್ಯಾಟಿಗಳನ್ನು ಬಾಡಿಸಿದ ಬಾಳೆಲೆ ತುಂಡುಗಳ ನಡುವೆ ಪೇರಿಸಿ, ಗಾಳಿ ಹೋಗದ ಡಬ್ಬದಲ್ಲಿ ಫ್ರೀಜರಿಗೆ ಹಾಕಿದರೆ ಒಂದು ತಿಂಗಳು ಅಡ್ಡಿಯಿಲ್ಲ. ಕರಗಿಸದೆ ನೇರ ಕಾವಲಿಗೆ, ಸಣ್ಣ ಉರಿಯಲ್ಲಿ ಮಗ್ಗುಲಿಗೆ ಆರು ನಿಮಿಷ. ಕರಗಿಸಿದರೆ ಎಳೆಗಳು ಮತ್ತೆ ನೀರು ಬಿಟ್ಟು ಮೊದಲ ಸುತ್ತಿನ ಕಥೆ ಶುರು.

ಮಳೆಗಾಲದಲ್ಲಿ ಗುಜ್ಜೆ ಇಲ್ಲದಾಗ ಭರಣಿಯ ಉಪ್ಪುಸೊಳೆಯಿಂದಲೂ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಒಂದು ಸಣ್ಣ ಬ್ಯಾಚು ಆಯಿತು. ಸೊಳೆ ಬೆಳೆದದ್ದಾದ್ದರಿಂದ ಎಳೆ ಬಿಡುವುದಿಲ್ಲ, ಚೂರಿಯಲ್ಲಿ ಉದ್ದುದ್ದ ಸಿಗಿಯಬೇಕು. ನೀರು ಬದಲಿಸುತ್ತ ಮೂರು ಗಂಟೆ ನೆನೆಸಿ, ಪ್ರತಿ ಸಲ ಹಿಂಡಿ. ಹಬೆಯಲ್ಲಿ ಬೇಯಿಸುವುದು ಎಂಟು ನಿಮಿಷ ಸಾಕು. ಭರಣಿಯ ಹುಳಿಗಂಧ ಸ್ವಲ್ಪ ಉಳಿಯುತ್ತದೆ, ಹುರುಳಿಯ ಜೊತೆ ಅದು ಹೊಂದುತ್ತದೆ, ಬಿಂಬುಳಿಯನ್ನು ಮಾತ್ರ ಅರ್ಧ ಮಾಡಿ. ಪಾಕದ 7 ಗ್ರಾಂ ಉಪ್ಪು ಇಲ್ಲಿಗೆ ಅನ್ವಯಿಸುವುದಿಲ್ಲ. ಉಪ್ಪಿಲ್ಲದೆ ಕಲಸಿ, ಅಡಕೆಯಷ್ಟು ಮಿಶ್ರಣವನ್ನು ಕಾವಲಿಯಲ್ಲಿ ಬೇಯಿಸಿ ತಿಂದು ನೋಡಿ, ಆಮೇಲೆ ಉಪ್ಪಿನ ಡಬ್ಬ ತೆರೆಯಿರಿ.